ಹೊರಗೆ ನಿಂತ್ರೆ ಇರುವೆ ನೋಡ್ತಾಳೆ, ಒಳಗೆ ಬಂದ್ರೆ ಕಾಲೊರಸು ಒದ್ದೆ: ಎರಡು ತಿಂಗಳ ನಾಯಿಮರಿ, ಸಲಹೆ ಬೇಕು

ಕಾಲೊರಸು ಕಳ್ಕೊಂಡವಳು, ಮೈಸೂರು
ಸೋಮವಾರ, ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ನೆಲ ಒರೆಸಿ ಈಗಷ್ಟೇ ಕೂತಿದ್ದೀನಿ, ಬರಹದಲ್ಲಿ ಗೊಣಗಾಟ ಕಂಡ್ರೆ ಹೊಟ್ಟೆಗೆ ಹಾಕ್ಕೊಳ್ಳಿ.

ನಮ್ಮ ಬೀದಿ ಕೊನೇಲಿ ಮನೆ ಕಟ್ತಿರೋ ಜಾಗದ ಮರಳುಗುಡ್ಡೆ ಮೇಲೆ ಒಂದು ನಾಟಿ ನಾಯಿ ಐದು ಮರಿ ಹಾಕಿತ್ತು. ಎರಡು ಗಾಡಿ ಕೆಳಗೆ ಹೋದ್ವು. ಎರಡನ್ನ ಗಾರೆ ಮೇಸ್ತ್ರಿ ತಮ್ಮೂರಿಗೆ ತಗೊಂಡು ಹೋದ್ರು. ಉಳಿದ ಒಂದು ಹೆಣ್ಣುಮರಿಗೋಸ್ಕರ ನನ್ನ ಮಗಳು (8 ವರ್ಷ) ಎರಡು ಹೊತ್ತು ಊಟ ಬಿಟ್ಲು. ಬಂತು ಮನೆಗೆ. ಡಾಕ್ಟ್ರು ಹಲ್ಲು ನೋಡಿ ಎರಡು ತಿಂಗಳಿರಬೇಕು ಅಂದ್ರು. ಜಂತುಹುಳದ ಔಷಧಿ, ಮೊದಲನೇ ಇಂಜೆಕ್ಷನ್ ಆಗಿದೆ. ಬಣ್ಣ ನೋಡಿ ಜೀರಿಗೆ ಅಂತ ಹೆಸರಿಟ್ವಿ.

ಬಂದು 9 ದಿನ ಆಯ್ತು. ಹಿತ್ತಲಿಗೆ ಕರ್ಕೊಂಡು ಹೋಗಿ ಕಾಲು ಗಂಟೆ ನಿಲ್ತೀನಿ. ಅಲ್ಲಿ ಅವಳು ಇರುವೆ ಸಾಲು ನೋಡ್ತಾಳೆ, ಪಕ್ಕದ ಮನೆ ಕುಕ್ಕರ್ ಕೂಗಿದ್ರೆ ಕಿವಿ ನೆಟ್ಟಗೆ ಮಾಡ್ತಾಳೆ, ಎಲ್ಲ ಮಾಡ್ತಾಳೆ, ಬಂದ ಕೆಲಸ ಒಂದು ಬಿಟ್ಟು. ಒಳಗೆ ಕಾಲಿಟ್ಟ ತಕ್ಷಣ ನೇರ ಕಾಲೊರಸಿನ ಮೇಲೆ. ಇವತ್ತಿಗೆ ನಾಲ್ಕು ಕಾಲೊರಸು ಬಿಸಾಕಿದೀನಿ.

ಕಚ್ಚೋದು ಇನ್ನೊಂದು. ಪಾದ, ವೇಲು, ಮಗಳ ಜಡೆ, ಯಾವುದೂ ಬಿಡಲ್ಲ. ರಾತ್ರಿ ಎರಡು ಗಂಟೆವರೆಗೂ ಅಳ್ತಾಳೆ. ಜೊತೆಗೆ ನಮ್ಮತ್ತೆಯವರು ಮಡಿ. ಅಡುಗೆಮನೆ, ದೇವರಮನೆ ಹೊಸಿಲು ದಾಟಬಾರದು ಅನ್ನೋ ಒಪ್ಪಂದದ ಮೇಲೆ ಮರಿ ಒಳಗೆ ಬಂದಿದ್ದು. "ನಾಯಿಗೆ ಹೇಳಿದ್ರೆ ನಾಯಿ ತನ್ನ ಬಾಲಕ್ಕೆ ಹೇಳ್ತಂತೆ" ಅಂತ ದಿನಕ್ಕೆ ನಾಲ್ಕು ಸಲ ಅಂತಾರೆ. ನನಗೂ ಹಾಗೇ ಅನ್ಸೋಕೆ ಶುರುವಾಗಿದೆ. ದಾರಿ ತೋರಿಸಿ.

ಏಳನೇ ಮಹಡಿ, ಬೆಂಗಳೂರು
ಸೋಮವಾರ, ರಾತ್ರಿ 11:58

ನಿಮಗೆ ಹಿತ್ತಲಾದ್ರೂ ಇದೆ. ನಾನು ಲಿಫ್ಟ್ ಕೆಳಗೆ ಇಳಿಯೋಷ್ಟರಲ್ಲಿ ಎಷ್ಟು ಸಲ ಸೋತಿದ್ದೀನೋ ಲೆಕ್ಕ ಇಲ್ಲ.

ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ, ಅಷ್ಟು ಗಂಟೆ ಹಿಡ್ಕೊಳ್ಳಬಹುದು ಅನ್ನೋದು ಒಂದು ಅಂದಾಜು. ಅದೂ ಮಲಗಿದ್ದಾಗ. ಎದ್ದು ಆಡ್ತಿದ್ರೆ ಮುಕ್ಕಾಲು ಗಂಟೆಗೊಮ್ಮೆ ಹೊರಗೆ. ನಿದ್ದೆಯಿಂದ ಎದ್ದ ಕೂಡಲೇ, ತಿಂದ ಹತ್ತು ಹದಿನೈದು ನಿಮಿಷಕ್ಕೆ, ಆಟದ ಮಧ್ಯೆ ಇದ್ದಕ್ಕಿದ್ದ ಹಾಗೆ ನೆಲ ಮೂಸ್ತಾ ಸುತ್ತೋಕೆ ಶುರು ಮಾಡಿದ್ರೆ, ಎತ್ಕೊಂಡು ಓಡಿ.

ನಿಮ್ಮ ಮರಿ ಬೇಕಂತ ಮಾಡ್ತಿಲ್ಲ. ಹೊರಗೆ ಅಷ್ಟೊಂದು ನೋಡೋಕಿರುವಾಗ ಉಚ್ಚೆ ನೆನಪಿಗೇ ಬರಲ್ಲ. ಒಳಗೆ ಬಂದು ಮೈ ಸಡಿಲಾದಾಗ ನೆನಪಾಗತ್ತೆ. ನಾನು ಮಾಡಿದ್ದು ಇಷ್ಟು: ಹೊರಗೆ ಐದು ನಿಮಿಷ, ಮಾಡ್ಲಿಲ್ವಾ, ಒಳಗೆ ತಂದು ನೆಲಕ್ಕೆ ಬಿಡದೆ ತೊಡೆ ಮೇಲೇ ಇಟ್ಕೊಳ್ಳೋದು. ಹತ್ತು ನಿಮಿಷ ಬಿಟ್ಟು ಮತ್ತೆ ಹೊರಗೆ. ಮೂರನೇ ಸುತ್ತಿಗೆ ಮಾಡೇ ಮಾಡತ್ತೆ. ಮಾಡಿದ ಜಾಗದಲ್ಲೇ, ಆ ಕ್ಷಣದಲ್ಲೇ ತಿನ್ನೋಕೆ ಕೊಡಿ. ಒಳಗೆ ಬಂದ ಮೇಲೆ ಕೊಟ್ರೆ ಅದು ಒಳಗೆ ಬಂದಿದ್ದಕ್ಕೆ ಬಹುಮಾನ ಅಂತ ಲೆಕ್ಕ ಹಾಕತ್ತೆ.

ಕಾಲೊರಸು ಎಲ್ಲ ಎತ್ತಿಡಿ. ಮೆತ್ತಗಿರೋದು, ನೀರು ಹೀರೋದು ಕಾಲಿಗೆ ತಗುಲಿದ್ರೆ ಇದೇ ಆ ಜಾಗ ಅಂದ್ಕೊಳ್ಳುತ್ತವೆ ಮರಿಗಳು. ಒದ್ದೆಯಾದ ಕಾಲೊರಸೊಂದನ್ನ ಒಗೆಯದೆ ಹಿತ್ತಲ ಮೂಲೇಲಿ ಹಾಕಿ ನೋಡಿ.

ಗರಡಿ ಹುಡ್ಗ, ತುಮಕೂರು
ಮಂಗಳವಾರ, ಬೆಳಿಗ್ಗೆ 6:20

ಇಷ್ಟೆಲ್ಲ ಯಾಕೆ? ಮೂತಿ ಹಿಡಿದು ಉಚ್ಚೆಗೆ ಉಜ್ಜಿ, ಪೇಪರ್ ಸುತ್ತಿ ಎರಡು ಬಿಡಿ. ನಮ್ಮ ತಾತನ ಕಾಲದಿಂದ ಹೀಗೇ ಸಾಕಿರೋದು.

ಸೂಜಿಮದ್ದು, ಮಂಡ್ಯ ಕಡೆ
ಮಂಗಳವಾರ, ಬೆಳಿಗ್ಗೆ 7:05

ನಿಮ್ಮ ತಾತನ ಕಾಲದಲ್ಲಿ ನಾಯಿ ಒಳಗೆ ಇರ್ತಿರಲಿಲ್ಲ ಕಣಪ್ಪ, ಜಗಲಿ ಕೆಳಗೆ ಇರ್ತಿತ್ತು. ಅದಕ್ಕೆ ನೆಲದ ಪಾಠನೇ ಬೇಕಾಗಿರಲಿಲ್ಲ.

ನಾನು ಪಶು ಆಸ್ಪತ್ರೇಲಿ ಇನ್‌ಸ್ಪೆಕ್ಟರ್ ಆಗಿದ್ದವನು, ಈಗ ನಿವೃತ್ತ. ಹೊಡೆದ್ರೆ ಮರಿ ಏನು ಕಲಿಯತ್ತೆ ಅಂದ್ರೆ, ನಿಮ್ಮ ಎದುರಿಗೆ ಮಾಡಬಾರದು ಅಂತ. ಆಮೇಲೆ ಮಂಚದ ಕೆಳಗೆ, ಬೀರು ಹಿಂದೆ ಹೋಗಿ ಮಾಡ್ತದೆ. ಹೊರಗೆ ನೀವು ಹಗ್ಗ ಹಿಡಿದು ನಿಂತಿದ್ರೆ ಅಲ್ಲೂ ಮಾಡಲ್ಲ. ಮಾಡಿ ಎರಡು ನಿಮಿಷ ಆದ ಮೇಲೆ ಬೈದ್ರೂ ಯಾಕೆ ಬೈಸ್ಕೊಂಡೆ ಅಂತ ಅದಕ್ಕೆ ತಿಳಿಯಲ್ಲ. ತಲೆ ಬಗ್ಗಿಸೋದು ತಪ್ಪು ಒಪ್ಕೊಂಡು ಅಲ್ಲ, ನಿಮ್ಮ ಮುಖ ನೋಡಿ ಹೆದರ್ಕೊಂಡು.

ತಾಯಿ, ಮೈಸೂರಿನವರಿಗೆ ಒಂದು ಪ್ರಶ್ನೆ. ಕಚ್ಚುತ್ತೆ ಅಂದ್ರಲ್ಲ, ಯಾರಿಗಾದ್ರೂ ರಕ್ತ ಬಂದಿದ್ಯಾ? ಮಿಕ್ಕಿದ್ದೆಲ್ಲ ಆಮೇಲೆ.

ಕಾಲೊರಸು ಕಳ್ಕೊಂಡವಳು, ಮೈಸೂರು
ಮಂಗಳವಾರ, ಬೆಳಿಗ್ಗೆ 9:30

ಶನಿವಾರ ಮಗಳ ಮುಂಗೈಗೆ ಹಲ್ಲು ನಾಟಿ ಎರಡು ಚುಕ್ಕೆ ರಕ್ತ ಬಂತು ಸರ್. ಅತ್ತೆ ಅರಿಶಿನ ಹಚ್ಚಿದ್ರು. ಈಗ ಒಣಗಿದೆ. ಹಾಲುಹಲ್ಲಲ್ವಾ ಅಂತ ಸುಮ್ಮನಾದ್ವಿ.

ಸೂಜಿಮದ್ದು, ಮಂಡ್ಯ ಕಡೆ
ಮಂಗಳವಾರ, ಬೆಳಿಗ್ಗೆ 9:34

ಇವತ್ತೇ ಹೋಗಿ. ಈಗಲೇ.

ಹಾಲುಹಲ್ಲಾದ್ರೂ ಜೊಲ್ಲು ಜೊಲ್ಲೇ. ಬೀದಿ ಮರಿ, ಅದರ ತಾಯಿಗೆ ಇಂಜೆಕ್ಷನ್ ಆಗಿತ್ತೋ ಇಲ್ವೋ ಯಾರಿಗೂ ಗೊತ್ತಿಲ್ಲ. ಮರಿಗೆ ಹಾಕಿಸಿದ ಮೊದಲನೇ ಸೂಜಿ ಪಾರ್ವೋ, ಡಿಸ್ಟೆಂಪರ್ ಅನ್ನೋ ನಾಯಿ ರೋಗಗಳಿಗೆ. ರೇಬಿಸ್‌ದು ಮೂರು ತಿಂಗಳು ತುಂಬಿದ ಮೇಲೆ ಹಾಕೋದು. ಅಂದ್ರೆ ಅದಕ್ಕೆ ಇನ್ನೂ ರಕ್ಷಣೆ ಇಲ್ಲ. ರೇಬಿಸ್ ಲಕ್ಷಣ ಕಾಣಿಸ್ಕೊಂಡ ಮೇಲೆ ಮನುಷ್ಯ ಉಳಿಯಲ್ಲ ಅನ್ನೋದನ್ನ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಮಗಳಿಗೆ ರೇಬಿಸ್ ಸೂಜಿ ಸರ್ಕಾರಿ ಆಸ್ಪತ್ರೇಲಿ ಚರ್ಮದೊಳಗೆ ಕೊಡೋ ಕ್ರಮದಲ್ಲಿ 0, 3, 7, 28ನೇ ದಿನ (0 ಅಂದ್ರೆ ಮೊದಲನೇ ಸೂಜಿ ಹಾಕಿಸಿದ ದಿನ). ಸ್ನಾಯುಗೆ ಕೊಡೋದಾದ್ರೆ 0, 3, 7, 14, 28. ರಕ್ತ ಬಂದಿರೋದ್ರಿಂದ ಗಾಯದ ಸುತ್ತ ಕೊಡೋ ಇಮ್ಯುನೊಗ್ಲಾಬ್ಯುಲಿನ್ (ತಕ್ಷಣ ರಕ್ಷಣೆ ಕೊಡೋ ಸೂಜಿ) ಬಗ್ಗೆನೂ ಕೇಳಿ. ತಡ ಆಯ್ತು ಅಂತ ಹೋಗದೆ ಇರಬೇಡಿ.

ಇನ್ನು ಮುಂದೆ ಪರಚಿದ್ರೂ ಸರಿ, ಹಲ್ಲು ತಾಗಿದ್ರೂ ಸರಿ, ನಲ್ಲಿ ಕೆಳಗೆ ಕೈ ಹಿಡಿದು ಸೋಪು ಹಾಕಿ 15 ನಿಮಿಷ ತೊಳೀರಿ. ಗಡಿಯಾರ ನೋಡ್ಕೊಂಡು. ಅರಿಶಿನ, ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಏನೂ ಬೇಡ. ಇದಕ್ಕೆ ಮರಿನ ಬೈಯ್ಯೋದೂ ಬೇಡ, ಮನೆಯಿಂದ ಹೊರಗೆ ಹಾಕೋದೂ ಬೇಡ. ಅದು ಆಡ್ತಿದೆ ಅಷ್ಟೇ. ಆದ್ರೆ ಹತ್ತು ದಿನ ಅದರ ಮೇಲೆ ಕಣ್ಣಿಟ್ಟಿರಿ. ತಿನ್ನೋದು ಬಿಟ್ರೆ, ನಡಿಗೆ ತೂರಾಡಿದ್ರೆ ಡಾಕ್ಟರಿಗೆ ತಿಳಿಸಿ.

ಜವಾರಿ ಮಂದಿ, ಹುಬ್ಬಳ್ಳಿ
ಮಂಗಳವಾರ, ಮಧ್ಯಾಹ್ನ 1:15

ಅಕ್ಕಾರ, ಸರ್ ಹೇಳಿದ್ದು ಖರೇ ಐತಿ. ನಾ ಇನ್ನೊಂದು ಹೇಳ್ತೀನ್ರಿ, ಕೇಳಾಕ ಛಲೋ ಅನಸೂದಿಲ್ಲ.

ಹೋದ ವರ್ಷ ನಮ್ಮ ಮನ್ಯಾಗೂ ಒಂದು ಮರಿ ಇತ್ತು. ಕರಿಯ ಅಂತ. ಮೊದಲನೇ ಸೂಜಿ ಆಗಿತ್ತು, ಆತಲ್ಲ ಅಂತ ದಿನಾ ಮುಂಜಾನೆ ಮೈದಾನಕ್ಕ ಒಯ್ತಿದ್ದೆ. ಎಲ್ಲಾ ನಾಯಿ ಅಲ್ಲೇ ಬರತಾವು. ಒಂದು ದಿನ ಸಂಜೀಕ ಉಣಲಿಲ್ಲ. ಮರುದಿನ ವಾಂತಿ. ಮೂರನೇ ದಿನ ರಕ್ತದ ಭೇದಿ, ಆ ವಾಸನಿ ಇನ್ನೂ ಮೂಗಿನ್ಯಾಗ ಐತಿ. ಸಲೈನ್ ಹಚ್ಚಿದ್ವಿ, ಉಳೀಲಿಲ್ಲ. ಪಾರ್ವೋ ಅಂದ್ರು. ಒಂದ ಸೂಜಿಗೆ ಪೂರಾ ಬಲ ಬರೂದಿಲ್ಲಂತ, ಮೂರು ನಾಲ್ಕು ವಾರಕ್ಕೊಮ್ಮೆ ಹಾಕಿಸ್ಕೋಂತ 16 ವಾರ ತುಂಬೂ ತನಕಾ ಹೋಗಬೇಕಂತ. ಇದನ್ನ ಮೊದಲ ಯಾರೂ ನನಗ ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ರೋಗದ ಬೀಜ ಮಣ್ಣಾಗ ತಿಂಗಳಾನುಗಟ್ಟಲೆ ಇರ್ತದಂತ್ರಿ. ಅದಕ್ಕ ನಮ್ಮ ಅಂಗಳದಾಗ ವರ್ಷ ತನಕಾ ಬ್ಯಾರೆ ಮರಿ ತರಲಿಲ್ಲ. ನೀವು ಹಿತ್ತಲದಾಗ ಆಡಸ್ರಿ, ರಸ್ತಾಕ್ಕ ಇಳಸಬ್ಯಾಡ್ರಿ.

ಏಳನೇ ಮಹಡಿ, ಬೆಂಗಳೂರು
ಮಂಗಳವಾರ, ಮಧ್ಯಾಹ್ನ 1:50

ಓದಿ ಹೊಟ್ಟೆ ಕಿವುಚಿದ ಹಾಗಾಯ್ತು ಅಣ್ಣ.

ಇದಕ್ಕೆ ಒಂದು ಸೇರಿಸ್ತೀನಿ, ತಪ್ಪು ತಿಳೀಬೇಡಿ. ರಸ್ತೆಗೆ ಇಳಿಸಬಾರದು, ಆದ್ರೆ ಹೊರಗೆ ತೋರಿಸ್ಲೇಬೇಕು. ಮೂರು ವಾರದಿಂದ ಸುಮಾರು ಹದಿನಾಲ್ಕು ವಾರದವರೆಗೆ ಏನು ನೋಡಿರತ್ತೋ ಅದಕ್ಕೆ ದೊಡ್ಡದಾದ ಮೇಲೆ ಹೆದರಲ್ಲ. ಸೊಂಟದ ಮೇಲೆ ಕೂರಿಸ್ಕೊಂಡು ಗೇಟಿನ ಹತ್ರ ನಿಲ್ಲಿ. ಆಟೋ, ಹೆಲ್ಮೆಟ್ ಹಾಕಿರೋರು, ಸೊಪ್ಪಿನವಳ ಕೂಗು, ಗುಡಿ ಗಂಟೆ, ಛತ್ರಿ ಬಿಚ್ಚೋದು, ಎಲ್ಲ ತೋರಿಸಿ. ನಾನು ಇದು ಮಾಡ್ಲಿಲ್ಲ. ಈಗ ನಮ್ಮನೆಯದು ನಾಲ್ಕು ವರ್ಷದ್ದು, ಮಳೆಗಾಲ ಪೂರ್ತಿ ಛತ್ರಿಗೆ ಬೊಗಳ್ತಾ ಕಳೆಯತ್ತೆ.

ಕಡಲ ಕರೆ, ಮಂಗಳೂರು
ಮಂಗಳವಾರ, ಸಂಜೆ 7:10

ರಾತ್ರಿ ಅಳುವುದು ಹಠ ಅಲ್ಲ ಮಾರಾಯ್ರೆ. ನಿನ್ನೆ ಮೊನ್ನೆ ವರೆಗೆ ತಾಯಿ, ಒಡಹುಟ್ಟಿದವರ ಮೈಗೆ ಒತ್ತಿ ಮಲಗಿದ ಮರಿ ಅದು. ಒಂದು ರಟ್ಟಿನ ಪೆಟ್ಟಿಗೆ, ಅದರೊಳಗೆ ನೀವು ಉಟ್ಟ ಹಳೆಯ ಕಾಟನ್ ಸೀರೆ (ಒಗೆಯದ್ದು), ನಿಮ್ಮ ಮಂಚದ ಪಕ್ಕದಲ್ಲೇ ಇಡಿ. ಅತ್ತಾಗ ಕೈ ಕೆಳಗೆ ಬಿಟ್ಟರೆ ಸಾಕು, ಮೂಸಿ ಮಲಗ್ತದೆ. ಹಾಲ್‌ನಲ್ಲಿ ಒಂದೇ ಕಟ್ಟಿ ಹಾಕಿದರೆ ಎರಡು ಗಂಟೆ ಎಂತ, ಬೆಳಗಿನ ತನಕ ಅಳ್ತದೆ. ಮಧ್ಯರಾತ್ರಿ ಒಮ್ಮೆ ಹೊರಗೆ ಕರ್ಕೊಂಡು ಹೋಗ್ಲಿಕ್ಕೆ ಉಂಟು, ಆಗ ಲೈಟ್ ಹಾಕ್ಬೇಡಿ, ಮಾತಾಡ್ಬೇಡಿ, ಕೆಲಸ ಮುಗಿಸಿ ವಾಪಸ್.

ಮತ್ತೆ ಒಂದು ಕೇಳ್ಲಿಕ್ಕೆ ಉಂಟು. ನಿಮ್ಮ ಮನೆಯಲ್ಲಿ ನಾಯಿಯ ಹತ್ರ ಯಾವ ಭಾಷೆ ಮಾತಾಡುವುದು?

ಕಾಲೊರಸು ಕಳ್ಕೊಂಡವಳು, ಮೈಸೂರು
ಬುಧವಾರ, ರಾತ್ರಿ 10:05

ಮೊದಲು ಸೂಜಿಮದ್ದು ಸರ್‌ಗೆ: ನಿನ್ನೆ ಮಧ್ಯಾಹ್ನನೇ ಹೋದ್ವಿ. ಮೊದಲನೇ ಡೋಸ್ ಆಯ್ತು, ಗಾಯದ ಸುತ್ತ ಕೊಡೋ ಸೂಜಿನೂ ಆಯ್ತು. ಅಲ್ಲಿ ಕೂಗಿದ್ದು ಮಗಳಲ್ಲ, ನಾನು. ಶುಕ್ರವಾರ ಎರಡನೇದು. ನಿಮಗೆ ಹೇಗೆ ಹೇಳಲಿ ಗೊತ್ತಾಗ್ತಿಲ್ಲ ಸರ್.

ರಟ್ಟಿನ ಪೆಟ್ಟಿಗೆ ನಿನ್ನೆ ರಾತ್ರಿಯಿಂದ ಮಂಚದ ಪಕ್ಕ. ಹನ್ನೊಂದಕ್ಕೆ ಮಲಗಿದವಳು ಮೂರಕ್ಕೆ ಎದ್ಲು.

ಭಾಷೆ ಪ್ರಶ್ನೆಗೆ ಮೊದಲು ನಗು ಬಂತು, ಆಮೇಲೆ ಇವತ್ತು ಇಡೀ ದಿನ ಕಿವಿಗೊಟ್ಟು ಕೇಳಿಸ್ಕೊಂಡೆ. ನಮ್ಮನೆಯವರು "ನೋ, ನೋ, ಬ್ಯಾಡ್ ಗರ್ಲ್" ಅಂತಾರೆ. ಹೆಂಡತಿ ಮಕ್ಕಳ ಜೊತೆ ಅಚ್ಚಗನ್ನಡ ಮಾತಾಡೋ ಮನುಷ್ಯ! ಮಗಳು ಸ್ಕೂಲ್ ಟೀಚರ್ ಥರ "ಸ್ಟಾಪ್ ಇಟ್ ಜೀರಿಗೆ, ಐ ಆ್ಯಮ್ ವಾಚಿಂಗ್" ಅಂತಾಳೆ. ನಾನು "ಬೇಡ ಕಣೇ ಚಿನ್ನ, ಹಾಗ್ ಮಾಡ್ಬಾರ್ದು, ಅಲ್ವಾ" ಅಂತ ಎತ್ಕೊಳ್ತೀನಿ. ಅತ್ತೆ ಒಂದೇ ಮಾತು, "ಹಚಾ".

ಹೇಳೋಕೆ ನಾಚಿಕೆ ಆಗತ್ತೆ, ಜೀರಿಗೆ ಕೇಳೋದು ಅತ್ತೆ ಮಾತು ಮಾತ್ರ. ಅಡುಗೆಮನೆ ಹೊಸಿಲಿಗೆ ಮುಂಗಾಲು ಇಡ್ತಾಳೆ, ಅತ್ತೆ ತಲೆ ಎತ್ತದೇ "ಹಚಾ" ಅಂತಾರೆ, ಕಾಲು ಹಿಂದಕ್ಕೆ. ಹತ್ತು ದಿನದಲ್ಲಿ ಒಂದು ಸಲಾನೂ ಒಳಗೆ ಹೋಗಿಲ್ಲ.

ಕಡಲ ಕರೆ, ಮಂಗಳೂರು
ಬುಧವಾರ, ರಾತ್ರಿ 10:20

ನೋಡಿ, ಟ್ರೈನರ್ ಮನೆಯಲ್ಲೇ ಇದ್ದಾರೆ! ಅತ್ತೆಯವರದ್ದು ಒಂದೇ ಶಬ್ದ, ಒಂದೇ ಸ್ವರ, ಒಂದೇ ಗೆರೆ. ಇವತ್ತು ಪರವಾಗಿಲ್ಲ ನಾಳೆ ಆಗದು ಅಂತ ಇಲ್ಲ. ನೀವು "ಬೇಡ" ಹೇಳಿ ಎತ್ತಿಕೊಂಡರೆ ಮರಿಗೆ "ಬೇಡ" ಅಂದರೆ ಮುದ್ದು ಮಾಡುವುದು ಅಂತ ಅರ್ಥ.

ನಮ್ಮಲ್ಲಿ ಕೂರ್ಲಿಕ್ಕೆ ತುಳುವಲ್ಲಿ "ಕುಲ್ಲು" ಅಂತ ಹೇಳುವುದು. ಗಂಡ, ಮಕ್ಕಳು, ಮೀನಿನವಳು, ಎಲ್ಲರೂ ಅದೇ. ಭಾಷೆ ಯಾವುದಾದರೂ ಆಗ್ತದೆ, ಎಲ್ಲರದ್ದೂ ಒಂದೇ ಆದರೆ ಸಾಕು.

ಅಡಿಕೆ ತೋಟ, ಸಾಗರದ ಹತ್ತಿರ
ಗುರುವಾರ, ಬೆಳಿಗ್ಗೆ 5:50

ನಾಯಿ ಜೊತೆ ಇಂಗ್ಲಿಷ್ ಮಾತಾಡೋದು ಎಲ್ಲಿಂದ ಬಂತೋ ದೇವರಿಗೇ ಗೊತ್ತು. ನಮ್ಮ ಹಿರಿಯರಿಗೆ ಇದಕ್ಕೆಂದೇ ಮಾತಿದ್ದವು. ಕರೆಯೋಕೆ "ಕ್ರೂ ಕ್ರೂ", ಅಟ್ಟೋಕೆ "ಹಚಾ", ಮೇಲೆ ಬಿಡೋಕೆ "ಛೂ". ಮೂರೂ ಗಿಡ್ಡ, ಒಂದಕ್ಕೊಂದು ಹೋಲಿಕೆ ಇಲ್ಲ. "ಬಾ", "ಬೇಡ" ಎರಡೂ ಬಕಾರ. ಮರಿ ಅರ್ಧ ಕೇಳೋಷ್ಟರಲ್ಲಿ ಹೊರಟಿರ್ತದೆ. ಹಾಗಾಗಿ ಕರೆಯೋಕೆ ಕ್ರೂ ಕ್ರೂನೇ ಇಟ್ಕೊಳ್ಳಿ.

ಕರೆಯೋದ್ರಲ್ಲಿ ಒಂದು ಎಚ್ಚರ, ನಾನು ಕೈ ಸುಟ್ಕೊಂಡಿದ್ದು. ನಮ್ಮಲ್ಲಿ ಚಿರತೆ ಕಾಟ, ಕತ್ತಲಾಗೋ ಮುಂಚೆ ನಾಯಿಗಳನ್ನ ಒಳಗೆ ಕಟ್ಟಬೇಕು. ಮರಿಯೊಂದನ್ನ ದಿನಾ ಸಂಜೆ ಕರೆದು, ಬಂದ ಕೂಡ್ಲೆ ಕೊರಳಿಗೆ ಸರಪಳಿ ಹಾಕ್ತಿದ್ದೆ. ವಾರದೊಳಗೆ ಹುಷಾರಾಯ್ತು. ಕರೆದ್ರೆ ಅಡಿಕೆ ಮರದ ಹಿಂದೆ ನಿಂತು ಬಾಲ ಅಲ್ಲಾಡಿಸೋದು, ಹತ್ತಿರ ಬರೋದಿಲ್ಲ. ಆಮೇಲೆ ಹಗಲಲ್ಲಿ ಹತ್ತು ಸಲ ಕರೆದು, ಒಂದು ತುಂಡು ಕೊಬ್ಬರಿ ಕೊಟ್ಟು, ಹಾಗೇ ಬಿಟ್ಟುಬಿಡೋದು ಮಾಡಿದೆ. ಸಂಜೆ ಹನ್ನೊಂದನೇ ಸಲ ಕಟ್ಟೋದು. ಸರಿಹೋಗೋಕೆ ಎರಡು ತಿಂಗಳು ಹಿಡೀತು. ಕರೆದಾಗ ಬಂದ ನಾಯಿಗೆ, ಅದು ಏನೇ ಮಾಡಿ ಬಂದಿರ್ಲಿ, ಬೈಯ್ಯಬಾರದು.

ಉಣುಗು ನೋಡ್ತಾ ಇರಿ. ಕಿವಿ ಒಳಗೆ, ಕಾಲ್ಬೆರಳ ಸಂದಿ.

ಖಡಕ್ ರೊಟ್ಟಿ, ಜಮಖಂಡಿ
ಗುರುವಾರ, ಮಧ್ಯಾಹ್ನ 12:30

ಜವಾರಿ ನಾಯಿನ ಸಾಕೂದಾದ್ರ ನಮ್ಮ ಮುಧೋಳ ಮರಿ ಒಯ್ಯಬೇಕಿತ್ರಿ. 2005ರಾಗ ಅಂಚೆ ಚೀಟಿ ಮ್ಯಾಲ ಬಂದ ನಾಯಿ ಅದು. ತಿಮ್ಮಾಪುರದಾಗ ಅದಕ್ಕಂತನ ಸಂಶೋಧನಾ ಕೇಂದ್ರ ಐತಿ.

ಜವಾರಿ ಮಂದಿ, ಹುಬ್ಬಳ್ಳಿ
ಗುರುವಾರ, ಮಧ್ಯಾಹ್ನ 12:41

ಕಾಕಾ, ಅದು ಮೊಲದ ಹಿಂದ ಓಡೂ ನಾಯಿ. ಮೈಸೂರಿನ ಹಿತ್ತಲದಾಗ ಏನ ಹಿಂಬಾಲಿಸ್ಬೇಕು, ಹಲ್ಲಿನಾ?

ಖಡಕ್ ರೊಟ್ಟಿ, ಜಮಖಂಡಿ
ಗುರುವಾರ, ಮಧ್ಯಾಹ್ನ 12:44

ಅದೂ ಖರೇನ ಬಿಡ್ರಿ. ದಿನಾ ಓಡಸಾಕ ಹೊಲಾ ಬೇಕು ಅದಕ್ಕ.

ಕಾಲೊರಸು ಕಳ್ಕೊಂಡವಳು, ಮೈಸೂರು
ಭಾನುವಾರ, ಮಧ್ಯಾಹ್ನ 3:15

ವರದಿ. ಗುರುವಾರ ರಾತ್ರಿ ಊಟ ಆದ ಮೇಲೆ ಎಲ್ಲರನ್ನೂ ಕೂರಿಸಿ ಹಳೇ ಕ್ಯಾಲೆಂಡರ್ ಹಿಂದೆ ಬರೆದು ಫ್ರಿಜ್ಜಿಗೆ ಅಂಟಿಸಿದ್ವಿ: ಕರೆಯೋಕೆ ಕ್ರೂ ಕ್ರೂ. ಬೇಡ ಅನ್ನೋಕೆ ಹಚಾ. ಕೂರೋಕೆ ಕೂರು. ಉಚ್ಚೆಗೆ ಹೋಗೋಕೆ "ಹಿತ್ಲು". ಇವರು ಮಾತ್ರ ಆಗಾಗ ನೋ ಅಂದು ನಾಲಿಗೆ ಕಚ್ಕೊಳ್ತಾರೆ. ಮಗಳು ಅವರಿಗೆ ಒಂದೊಂದು ನೋಗೆ ಐದು ರೂಪಾಯಿ ದಂಡ ಹಾಕಿದಾಳೆ, ಡಬ್ಬೀಲಿ ಈಗ 85 ರೂಪಾಯಿ.

ತೊಡೆ ಮೇಲೆ ಇಟ್ಕೊಳ್ಳೋ ಉಪಾಯ ಕೆಲಸ ಮಾಡ್ತು. ಶುಕ್ರವಾರ ಮೂರು ಸಲ ಒಳಗೆ, ನಿನ್ನೆ ಎರಡು, ಇವತ್ತು ಇಲ್ಲಿವರೆಗೆ ಒಂದು. ಕಚ್ಚಿದ್ರೆ "ಆಯ್" ಅಂತ ಕೂಗಿ ಆಟ ನಿಲ್ಲಿಸಿ ಗೋಡೆ ಕಡೆ ತಿರುಗಿ ನಿಲ್ತೀವಿ. ನಾಲ್ಕು ಜನ ಗೋಡೆ ನೋಡ್ತಾ ನಿಂತಿರೋದು ಕಂಡು ಪೇಪರ್ ಹುಡುಗ ಗಾಬರಿಯಾದ. ಗಂಟು ಹಾಕಿದ ಒದ್ದೆ ಬಟ್ಟೆ ಫ್ರೀಜರ್‌ನಲ್ಲಿಟ್ಟು ಕೊಟ್ರೆ ಅರ್ಧ ಗಂಟೆ ಅದರ ಜೊತೆ ಕಾದಾಡ್ತಾಳೆ.

ಊಟದ್ದು ಹೇಳಿ. ನಮ್ಮನೇಲಿ ಮೊಟ್ಟೆ ಒಳಗೆ ಬರೋ ಹಾಗಿಲ್ಲ. ರಾಗಿ ಗಂಜಿ, ಮೊಸರನ್ನ ಕೊಡ್ತಿದ್ದೀವಿ. ಇವತ್ತು ಪಾಯಸದ ಪಾತ್ರೆಗೆ ಬಾಯಿ ಹಾಕೋಕೆ ಹೊರಟಿದ್ಲು, ಅತ್ತೆ ಹಚಾ ಅಂದ್ರು. ಒಂದು ಚಮಚ ಕೊಟ್ರೆ ಏನಾಗತ್ತೆ ಅಂತ ಮಗಳ ಪ್ರಶ್ನೆ.

ಸೂಜಿಮದ್ದು, ಮಂಡ್ಯ ಕಡೆ
ಭಾನುವಾರ, ಸಂಜೆ 4:40

ಪಾಯಸ ಬೇಡ ಕಣಮ್ಮ, ಅದರಲ್ಲೂ ದ್ರಾಕ್ಷಿ ಹಾಕಿದ್ರೆ ಖಂಡಿತ ಬೇಡ. ದ್ರಾಕ್ಷಿ, ಒಣದ್ರಾಕ್ಷಿ ನಾಯಿಗಳ ಮೂತ್ರಪಿಂಡಕ್ಕೆ ವಿಷ. ಎಷ್ಟು ತಿಂದ್ರೆ ಅಪಾಯ ಅಂತ ಗೆರೆ ಎಳೆಯೋಕಾಗಲ್ಲ, ಒಂದು ನಾಯಿಗೆ ಏನೂ ಆಗಲ್ಲ, ಇನ್ನೊಂದಕ್ಕೆ ನಾಲ್ಕೇ ಕಾಳು ಸಾಕು. ಈರುಳ್ಳಿ, ಬೆಳ್ಳುಳ್ಳಿ ರಕ್ತದ ಕಣ ಒಡೀತವೆ, ಅದಕ್ಕೇ ಉಳಿದ ಸಾರನ್ನ ಹಾಕೋ ಅಭ್ಯಾಸ ಬಿಡಿ. ಚಾಕೊಲೇಟ್ ಬೇಡ. ಜ್ವರ ಅಂತ ಮನೇಲಿರೋ ಪ್ಯಾರಸಿಟಮಾಲ್ ಅಂತೂ ಮುಟ್ಟಿಸಲೇಬೇಡಿ.

ರಾಗಿ ಒಳ್ಳೇದೇ, ಆದ್ರೆ ಅದೊಂದ್ರಲ್ಲೇ ಮರಿ ಬೆಳೆಯಲ್ಲ. ಬೆಳೆಯೋ ವಯಸ್ಸಲ್ಲಿ ಪ್ರೋಟೀನ್ ಬೇಕೇ ಬೇಕು. ಮೊಟ್ಟೆ ಆಗಲ್ಲ ಅಂದ್ರೆ ಮರಿಗಳಿಗೇ ಅಂತ ಬರೋ ಒಣ ಆಹಾರ ತಂದು ಹಿತ್ತಲಲ್ಲೇ ಡಬ್ಬ ಇಟ್ಟು ಅಲ್ಲೇ ಹಾಕಿ, ಅತ್ತೆಯವರ ಮಡಿಗೂ ತೊಂದ್ರೆ ಇಲ್ಲ. ಮೂರು ತಿಂಗಳವರೆಗೆ ದಿನಕ್ಕೆ ನಾಲ್ಕು ಸಲ, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು. ಇಟ್ಟ ತಟ್ಟೆ ಕಾಲು ಗಂಟೆಗೆ ಎತ್ತಿಬಿಡಿ. ತಿನ್ನೋ ಹೊತ್ತು ಗೊತ್ತಿದ್ರೆ ಹಿತ್ತಲಿಗೆ ಓಡೋ ಹೊತ್ತೂ ಗೊತ್ತಾಗ್ತದೆ.

ಗರಡಿ ಹುಡ್ಗ, ತುಮಕೂರು
ಭಾನುವಾರ, ರಾತ್ರಿ 9:00

ಸರ್, ನಮ್ಮನೇದು ನೀವು ಹೇಳಿದ ಹಾಗೇ ಬೀರು ಹಿಂದೆ ಹೋಗಿ ಮಾಡತ್ತೆ. ಒಂದೂವರೆ ವರ್ಷ ಆಗಿದೆ. ಈಗ ಸರಿ ಮಾಡಬಹುದಾ?

ಸೂಜಿಮದ್ದು, ಮಂಡ್ಯ ಕಡೆ
ಭಾನುವಾರ, ರಾತ್ರಿ 9:20

ಮಾಡಬಹುದು. ಎರಡು ತಿಂಗಳ ಮರಿ ಅಂತಲೇ ಅಂದ್ಕೊಂಡು ಮೊದಲಿಂದ ಶುರು ಮಾಡಪ್ಪ. ಮೊದಲು ಬೀರು ಹಿಂದೆ ವಿನಿಗರ್ ನೀರಲ್ಲಿ ತೊಳೆದು ಆ ವಾಸನೆ ತೆಗಿ. ಪೇಪರ್ ಓದೋಕೆ ಇಟ್ಕೊ.

ಕಾಲೊರಸು ಕಳ್ಕೊಂಡವಳು, ಮೈಸೂರು
ಎರಡು ತಿಂಗಳ ನಂತರ, ಶುಕ್ರವಾರ, ಬೆಳಿಗ್ಗೆ 8:10

ಯಾರಾದ್ರೂ ಇದ್ದೀರಾ ಇನ್ನೂ? ಮಗಳ ನಾಲ್ಕೂ ಡೋಸ್ ಮುಗೀತು. ಜೀರಿಗೆಗೆ ರೇಬಿಸ್ ಇಂಜೆಕ್ಷನ್ ಆಯ್ತು. ಹೊಸ ಕಾಲೊರಸು ತಂದು ಹಾಕಿ 19 ದಿನ, ಒಣಗೇ ಇದೆ.

ಇವತ್ತು ಬೆಳಿಗ್ಗೆ ಅತ್ತೆ ಹೊಸಿಲು ಸಾರಿಸುವಾಗ ಅಕ್ಕಿಕಾಳು ಬಿದ್ದಿದೆ ಅಂತ ಎತ್ಕೊಂಡ್ರಂತೆ. ನೋಡಿದ್ರೆ ಜೀರಿಗೆ ಹಲ್ಲು. ಬೈದ್ಕೊಂಡು ಇನ್ನೊಂದು ಸ್ನಾನ ಮಾಡಿ ಬಂದ್ರು. ಬಂದು ಕೇಳ್ತಿದಾರೆ, ಮಕ್ಕಳ ಹಾಲುಹಲ್ಲು ಬಿದ್ರೆ ಸಗಣಿಲಿ ಸುತ್ತಿ ಹಂಚಿನ ಮೇಲೆ ಎಸೀತೀವಿ, ಇದನ್ನೇನು ಮಾಡ್ತೀರಿ ಅಂತ. "ನಾಯಿನ ನಾನು ಮುಟ್ಟಲ್ಲ, ಆದ್ರೆ ಹಲ್ಲು ಹಲ್ಲೇ" ಅಂತಾರೆ. ನಮ್ಮದು ಆರ್‌ಸಿಸಿ ಮನೆ. ನಾಯಿ ಹಲ್ಲಿಗೆ ಏನಾದ್ರೂ ಪದ್ಧತಿ ಇದ್ಯಾ?

ಸೂಜಿಮದ್ದು, ಮಂಡ್ಯ ಕಡೆ
ಶುಕ್ರವಾರ, ಬೆಳಿಗ್ಗೆ 8:35

ಹಾಲುಹಲ್ಲು ಒಟ್ಟು 28, ಹೆಚ್ಚಿನವನ್ನ ಮರಿ ನುಂಗಿಬಿಡ್ತದೆ, ಏನೂ ಆಗಲ್ಲ. ನಿಮ್ಮ ಕೈಗೆ ಒಂದು ಸಿಕ್ಕಿದ್ದೇ ಹೆಚ್ಚು. ಆರೇಳು ತಿಂಗಳಿಗೆ 42 ಹೊಸ ಹಲ್ಲು ಬಂದಿರ್ತವೆ, ಅಲ್ಲಿವರೆಗೆ ಚಪ್ಪಲಿ ಎತ್ತಿಡಿ. ಪದ್ಧತಿ ನನಗೆ ಗೊತ್ತಿಲ್ಲ.

ಜವಾರಿ ಮಂದಿ, ಹುಬ್ಬಳ್ಳಿ
ಶುಕ್ರವಾರ, ಬೆಳಿಗ್ಗೆ 9:02

ಹಂಚು ಇಲ್ಲಂದ್ರ ನೀರಿನ ಟ್ಯಾಂಕಿ ಮ್ಯಾಗ ಒಗೀರಿ ಅಕ್ಕಾರ. ಮ್ಯಾಲ ಇದ್ರ ಸಾಕು.

ಕಾಲೊರಸು ಕಳ್ಕೊಂಡವಳು, ಮೈಸೂರು
ಶುಕ್ರವಾರ, ಸಂಜೆ 6:30

ಎಸೆದಾಯ್ತು. ಸಗಣಿ ಸಿಗಲಿಲ್ಲ, ಅತ್ತೆ ಗೋಧಿಹಿಟ್ಟಿನ ಉಂಡೆ ಮಾಡಿ ಒಳಗಿಟ್ಟು ಕೊಟ್ರು, ಮಗಳು ಎಸೆದ್ಲು. ಹೋದ ವಾರದಿಂದ ಜೀರಿಗೆಗೆ ಚೆಂಡು ಎಸೆದು ತರಿಸೋದು ಕಲಿಸ್ತಿದ್ದೀವಿ. ಅರ್ಧ ಗಂಟೆ ಆಯ್ತು, ಟ್ಯಾಂಕ್ ಕೆಳಗೆ ಕೂತು ಮೇಲೇ ನೋಡ್ತಿದ್ದಾಳೆ. ಕ್ರೂ ಕ್ರೂ ಅಂದ್ರೂ ಬರ್ತಿಲ್ಲ.